ಸೇತುವೆಯಿಂದ ಹಾರಲು ಅನುಮತಿ ಕೇಳಿದವರು

ಯಾವ ಯಾವ ಸೇತುವೆ ಕಟ್ಟಿದಿರಿ ಎಂದು ಕೇಳುವವರಿಗೆ ನನ್ನಿಂದ ದೊಡ್ಡ ಉತ್ತರ ಸಿಗುವುದಿಲ್ಲ. ನಾನು ಕಟ್ಟಿಸಿದ್ದು ಸಣ್ಣ ಪುಟ್ಟ ಮೋರಿಗಳು, ಒಂದೆರಡು ಶಾಲೆ, ಒಂದು ಬಸ್ ನಿಲ್ದಾಣ. ಸರ್ಕಾರಿ ಎಂಜಿನಿಯರಾಗಿ ನನ್ನ ನೌಕರಿಯ ಬಹುಭಾಗ ಕಳೆದದ್ದು ಎಂದೋ ತೀರಿಹೋದವರು ಕಟ್ಟಿಟ್ಟದ್ದನ್ನು ನೋಡಿಕೊಳ್ಳುವುದರಲ್ಲಿ. ಬಿರುಕು ಬಿಟ್ಟಿದೆಯೇ, ನೀರು ಇಳಿಯುತ್ತಿದೆಯೇ, ಅರಳಿಗಿಡ ಬೇರು ಬಿಟ್ಟಿದೆಯೇ ಎಂದು ಸುತ್ತುವುದು. ಇನ್ನೊಂದು ಕೆಲಸವೂ ಇತ್ತು. ಒಂದು ಕಟ್ಟಡವನ್ನು ಅದು ಹುಟ್ಟಿದ ಉದ್ದೇಶ ಬಿಟ್ಟು ಬೇರೆಯದಕ್ಕೆ ಬಳಸಬೇಕೆಂದು ಜನ ಅರ್ಜಿ ಹಾಕುತ್ತಾರೆ. ಆಗಬಹುದೋ ಆಗದೋ ಎಂದು ನಾವು ಹೇಳಬೇಕು. ಕಾಲೇಜಿನಲ್ಲಿ ಇದನ್ನು ಯಾರೂ ಕಲಿಸಲಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಉಪಯೋಗವಾದೀತೆಂದು ಈಗ ನವನಗರದ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆಗಳ ಮಾತು ಬಿಡುತ್ತೇನೆ. ಅದು ಎಲ್ಲರದೂ ಒಂದೇ ಕತೆ.

ನಾನು ಕೇಶ್ವಾಪುರದ ಹತ್ತಿ ವ್ಯಾಪಾರಿಗಳ ಮನೆಯ ಮಗಳು. ಮೊದಲ ಪೋಸ್ಟಿಂಗ್ ಧಾರವಾಡದಲ್ಲಿ. ಅಲ್ಲಿ ನನ್ನ ಮೇಲಧಿಕಾರಿ ಕುಲಕರ್ಣಿ ಸಾಹೇಬರು. ಒಮ್ಮೆ ಮಂತ್ರಿಯೊಬ್ಬರು ಬರುತ್ತಾರೆಂದು ಯಾರೋ ನಮ್ಮ ಕಚೇರಿಯ ಮಾಳಿಗೆಯ ಅಂಚಿನಲ್ಲಿದ್ದ ಹಳೇ ಕಲ್ಲಿನ ಕೈಪಿಡಿ ಗೋಡೆಗೆ, ಅಂದರೆ ಪ್ಯಾರಾಪೆಟ್ಟಿಗೆ, ಹಗ್ಗ ಬಿಗಿದು ದೊಡ್ಡ ಬ್ಯಾನರ್ ಕಟ್ಟಿದರು. ಮಧ್ಯಾಹ್ನ ಗಾಳಿ ಬಿಟ್ಟಿತು. ಬ್ಯಾನರ್ ಹಾಯಿಯಂತೆ ಉಬ್ಬಿತು, ಗೋಡೆಯ ಮೇಲಿನ ಸಾಲು ಕಲ್ಲು ಸಮೇತ ಕೆಳಗೆ ಬಂತು. ಬಿದ್ದದ್ದು ನೇರವಾಗಿ ಕುಲಕರ್ಣಿ ಸಾಹೇಬರ ಜೀಪಿನ ಮೇಲೆ. ಯಾರಿಗೂ ಪೆಟ್ಟಾಗಲಿಲ್ಲ. ಅವರು ಹೊರಗೆ ಬಂದು, ತಗ್ಗುಬಿದ್ದ ಬಾನೆಟ್ಟಿನ ಮೇಲೆ ಕೈಯಾಡಿಸಿ, ನನ್ನನ್ನು ಕರೆದರು.

"ಇಲ್ಲಿ ಬಾರವಾ. ನೋಡು, ಈ ಗೋಡಿ ನೂರು ವರ್ಷ ಮಳಿ, ಬಿಸಲು, ಮಂಗ್ಯಾ ಎಲ್ಲಾ ತಡಕೊಂಡದ. ಒಂದು ಬ್ಯಾನರಿನ ಅರಬಿ ತಡಕೊಳ್ಳಲಿಲ್ಲ. ಯಾಕ ಹೇಳು?"

ನಾನು ಪುಸ್ತಕದ ಭಾಷೆಯಲ್ಲಿ ಏನೋ ಹೇಳಲು ಹೊರಟೆ.

"ಅಷ್ಟೆಲ್ಲಾ ಬ್ಯಾಡ. ಕಲ್ಲಿನ ಮ್ಯಾಲೆ ಹೇರಿದರ ಹೊರ್ತದ. ಜಗ್ಗಿದರ ಕೈ ಬಿಡ್ತದ. ಯಾರರೆ ಹಗ್ಗಾ ಹಿಡಕೊಂಡು ಹಳೇ ಕಟ್ಟಡದ ಕಡೆ ಹೊಂಟರ ನೀ ಎದ್ದು ಅವರ ಹಿಂದ ಹೋಗು."

ಮುಂದೆ ಬಹಳ ಜನ ಹಗ್ಗ ಹಿಡಿದುಕೊಂಡು ಬಂದರು. ಮೊಸರುಗಡಿಗೆ ಒಡೆಯುವವರು, ತಂತಿಯ ಮೇಲೆ ನಡೆಯುವವರು, ಸಿನಿಮಾದವರು. ಆದರೆ ರಬ್ಬರು ಹಗ್ಗ ಹಿಡಿದು ಬಂದ ಮೊದಲಿಗ ಇರ್ಫಾನ್.

ಗೋಕುಲ ರಸ್ತೆಯಲ್ಲಿ ಅವನ ತಂದೆಯದು ಲಾರಿ ಟ್ಯೂಬಿಗೆ ಪಂಕ್ಚರ್ ಹಾಕುವ ಅಂಗಡಿ. ಇರ್ಫಾನ್ ಆಗಷ್ಟೇ ಡಿಪ್ಲೊಮಾ ಮುಗಿಸಿದ್ದ. ಕಾಲಿಗೆ ರಬ್ಬರು ಹಗ್ಗ ಕಟ್ಟಿಕೊಂಡು ಎತ್ತರದಿಂದ ಹಾರುವ ಬಂಜೀ ಜಂಪಿಂಗನ್ನು ಟೀವಿಯಲ್ಲಿ ನೋಡಿ, ಹಳೇ ಟ್ಯೂಬುಗಳನ್ನು ಸೀಳಿ ಜಡೆ ಹೆಣೆದು ತಾನೇ ಒಂದು ಹಗ್ಗ ಮಾಡಿದ್ದ. ನಮ್ಮ ವ್ಯಾಪ್ತಿಯಲ್ಲಿ ಒಂದು ಹಳೇ ಕಲ್ಲಿನ ಸೇತುವೆ ಇದೆ. ಆಳವಾದ ಕಣಿವೆ, ಕೆಳಗೆ ಹೊಳೆ. ವಾಹನ ಬಿಡುವುದು ನಿಂತು ಬಹಳ ಕಾಲವಾಗಿದೆ, ಫೋಟೋ ತೆಗೆಸಿಕೊಳ್ಳಲು ದೂರದೂರದಿಂದ ಜನ ಬರುತ್ತಾರೆ. ಹೆಸರು ಬೇಡ. ಅಲ್ಲಿಂದ ಹಾರಬೇಕು ಎಂಬುದು ಇರ್ಫಾನನ ಅರ್ಜಿ.

"ಪರ್ಮಿಷನ್ ಕೊಡ್ರಿ ಮೇಡಂ. ಇಡೀ ಕರ್ನಾಟಕದಾಗ ನಾನ ಫಸ್ಟ್ ಆಗ್ತೇನ್ರಿ."

ಇಲ್ಲ ಎಂದು ಬರೆದು ಕಳಿಸುವುದು ಸುಲಭವಿತ್ತು. ಆದರೆ ಅವನ ಮುಖ ನೋಡಿದರೆ ಇಲ್ಲ ಎಂದ ಮೇಲೂ ಹೋಗಿ ಹಾರುವವನ ಹಾಗೆ ಕಂಡ. ಕೆಡವಲೆಂದು ಆದೇಶವಾಗಿದ್ದ ಒಂದು ಎತ್ತರದ ನೀರಿನ ಟ್ಯಾಂಕು ನಮ್ಮ ಸುಪರ್ದಿಯಲ್ಲಿತ್ತು. "ಮೊದಲ ನಿನ್ನಷ್ಟ ತೂಕದ ಉಸುಕಿನ ಚೀಲಾ ಹಾರಸು. ಆಮ್ಯಾಲೆ ಮಾತಾಡೂಣು" ಎಂದೆ.

ಗೆಳೆಯರನ್ನು ಕಟ್ಟಿಕೊಂಡು ಬಂದ. ಚೀಲಕ್ಕೆ ಹಗ್ಗ ಬಿಗಿದು ಮೇಲಿಂದ ದೂಡಿದರು. ಚೀಲ ಸರ್ರನೆ ಇಳಿದು, ನೆಲ ಇನ್ನೂ ದೂರವಿರುವಾಗಲೇ ನಿಂತು, ಪುಟಿದು ಮೇಲೆ ಹೋಯಿತು. ಸಿಳ್ಳೆ, ಚಪ್ಪಾಳೆ.

"ಆತಲ್ರಿ ಮೇಡಂ?"

"ಇನ್ನೊಮ್ಮೆ."

ಮತ್ತೆ ಸರಿಯಾಯಿತು. ಇನ್ನೊಮ್ಮೆ ಎಂದೆ. ಅವನ ಗೆಳೆಯರು ಬೇಜಾರಾಗಿ ಬಿಸಿಲಿಗೆ ಬೈಯತೊಡಗಿದರು. ಹಾಗೇ ಬಿಡುತ್ತ ಹೋದಾಗ ಒಂದು ಸಲ ಹಗ್ಗ ನಡುವೆ ಹರಿಯಿತು. ಶಬ್ದವೇನೂ ದೊಡ್ಡದಲ್ಲ. ಚೀಲ ನೆಲಕ್ಕೆ ಬಡಿದು ಒಡೆದು, ಉಸುಕು ಸುತ್ತ ಹರಡಿತು. ಇರ್ಫಾನ್ ಟ್ಯಾಂಕಿನ ಮೆಟ್ಟಿಲಿಳಿದು ಬಂದು ಹಗ್ಗದ ಹರಿದ ತುದಿಯನ್ನು ಕೈಗೆತ್ತಿಕೊಂಡ.

"ಮೊದಲನೇ ಸಲಾನ ನಂಬಿದ್ನಲ್ರೀ ನಾ" ಎಂದ.

"ಹಾರೂದು ತಪ್ಪಲ್ಲಪಾ. ಗೊತ್ತಿದ್ದವರ ಕಡೆ ಹೋಗಿ ಕಲ್ತು ಬಾ."

ಅವನು ನಿಜವಾಗಿಯೂ ಹೋದ. ಹಿಮಾಲಯದ ಬುಡದಲ್ಲಿ ಇಂಥ ಜಿಗಿತ ನಡೆಸುವ ಒಂದು ಕಡೆ ಕೆಲಸಕ್ಕೆ ಸೇರಿದನೆಂದು ಆಮೇಲೆ ಅವನ ತಂದೆ ಹೇಳಿದರು.

ಆ ವರ್ಷಗಳಲ್ಲಿ ನಮ್ಮ ಕೆಲಸದ ರೀತಿಯೂ ಬದಲಾಯಿತು. ನಾನು ಸೇರಿದಾಗ ಕಲ್ಲನ್ನು ಸಣ್ಣ ಸುತ್ತಿಗೆಯಿಂದ ಬಡಿದು ಕಿವಿಗೊಡುತ್ತಿದ್ದೆವು. ಗಟ್ಟಿ ಕಲ್ಲು ಗಂಟೆಯಂತೆ ಟಣ್ ಎನ್ನುತ್ತದೆ, ಒಳಗೆ ಸಡಿಲಾದದ್ದು ಹಲಗೆಯಂತೆ ಸದ್ದು ಮಾಡುತ್ತದೆ. ಸಂಶಯ ಬಂದಲ್ಲಿ ಸುಣ್ಣದ ಗುರುತು ಹಾಕಿ ಬರುತ್ತಿದ್ದೆವು. ಆಮೇಲೆ ಶಬ್ದದ ಅಲೆ ಹಾಯಿಸಿ ಒಳಗಿನದನ್ನು ತೋರಿಸುವ ಯಂತ್ರ ಬಂತು, ಕಮಾನಿನ ಹೊಟ್ಟೆಯ ಕೆಳಗೆ ಹಾರಿ ಫೋಟೋ ತೆಗೆಯುವ ಡ್ರೋನ್ ಬಂತು. ಒಳ್ಳೆಯದೇ ಆಯಿತು. ಮೊದಲು ಅದೇ ಫೋಟೋಕ್ಕಾಗಿ ಮನುಷ್ಯರನ್ನು ಬುಟ್ಟಿಯಲ್ಲಿ ಕೂರಿಸಿ ಇಳಿಬಿಡುತ್ತಿದ್ದೆವು. ಆದರೂ ಹೊಸಬರಿಗೆ ನನ್ನದೊಂದು ಮಾತು: ಯಂತ್ರ ತೆಗೆಯುವ ಮುಂಚೆ ಒಮ್ಮೆ ಬರಿಗಾಲಲ್ಲಿ ಸೇತುವೆಯ ಮೇಲೆ ನಡೆಯಿರಿ. ಎಲ್ಲಿ ತಣ್ಣಗಿದೆಯೋ ಅಲ್ಲಿ ನೀರಿದೆ.

ಬದಲಾದದ್ದು ಇನ್ನೊಂದು, ಜನರ ಆಸೆ. ಮೊಬೈಲಿನಲ್ಲಿ ಪರದೇಶದ ಅಣೆಕಟ್ಟು, ಗೋಪುರಗಳಿಂದ ಜಿಗಿಯುವುದನ್ನು ನೋಡಿ ಕೇಳಲು ಬರುವವರು ಹೆಚ್ಚಿದರು. "ಮೇಡಂ, ಗೋಳಗುಮ್ಮಟದಿಂದ ಹಾರಬಹುದೇನ್ರಿ?" ಎಂದು ಒಬ್ಬ ಕೇಳಿದ. ಅದು ಸಂರಕ್ಷಿತ ಸ್ಮಾರಕ. ಅಲ್ಲಿ ಒಂದು ಮೊಳೆ ಹೊಡೆಯಲೂ ಆಗದು, ಸುತ್ತಲಿನ ಜಾಗದಲ್ಲಿ ಚಪ್ಪರ ಎಬ್ಬಿಸಲೂ ಅಪ್ಪಣೆ ಬೇಕು ಎಂದೆ. ಕಾಯ್ದೆ ಬದಿಗಿಟ್ಟರೂ ಆಗುವುದಿಲ್ಲ. ಗೋಪುರದಿಂದ ನೇರ ಕೆಳಗೆ ಹಾರಿದವನು ಪುಟಿದು ಬರುವಾಗ ತೂಗಿ ಅದೇ ಗೋಡೆಗೆ ಬಡಿಯುತ್ತಾನೆ. ಪರದೇಶದಲ್ಲಿ ನಡೆಸುವ ಕಡೆ ಗೋಡೆಯಿಂದ ಬಹುದೂರ ಚಾಚಿದ ಕಬ್ಬಿಣದ ಕಟ್ಟೆ ಇರುತ್ತದೆ, ಅದಕ್ಕೆಂದೇ ಲೆಕ್ಕ ಹಾಕಿ ಕೂರಿಸಿದ್ದು. ನೋಡುವವರಿಗೆ ಗೋಪುರ ಕಾಣುತ್ತದೆ, ಕಬ್ಬಿಣ ಕಾಣುವುದಿಲ್ಲ.

ನನ್ನ ನೌಕರಿ ಮುಗಿಯಲು ಕೆಲವೇ ವರ್ಷ ಇರುವಾಗ ಇರ್ಫಾನ್ ಮರಳಿ ಬಂದ. ಗಡ್ಡ ಬಂದಿತ್ತು, ಮಾತು ಕಡಿಮೆಯಾಗಿತ್ತು. ಈ ಸಲ ಅವನ ಹಗ್ಗ, ಕೊಂಡಿ, ಪಟ್ಟಿಗಳೆಲ್ಲ ಸರಿಯಾದವು. ಕೇಳಿದ್ದು ಮಾತ್ರ ಅದೇ ಸೇತುವೆ. ಆಗ ನಮ್ಮ ಮೇಲಧಿಕಾರಿ ಪಾಟೀಲ ಸಾಹೇಬರು. ಸೇತುವೆ ಇರುವ ಊರಿನ ಉತ್ಸವ ಹತ್ತಿರ ಬರುತ್ತಿತ್ತು, ಅದರಲ್ಲಿ ಈ ಜಿಗಿತವೂ ಇರಲೆಂದು ಅವರ ಮೇಲೂ ಮೇಲಿನವರ ಒತ್ತಡ ಇತ್ತು.

"ಹುಡುಗ ಕಲ್ತು ಬಂದಾನಲ್ರೀ ಮೇಡಂ. ನಾಕ್ ಮಂದಿ ಹಾರಿ ಹೋಗ್ಲಿ. ಒಂದು ನಿರಾಕ್ಷೇಪಣಾ ಪತ್ರ ಬರದು ಕೊಡಾಕ ನಿಮಗೇನ್ ತ್ರಾಸು?"

"ನಿರಾಕ್ಷೇಪಣಾ ಅಂದ್ರ ನನ್ನ ಆಕ್ಷೇಪಣೆ ಇಲ್ಲ ಅಂತ ಅಲ್ರೀ ಸರ್? ನನ್ನದು ಐತ್ರಿ."

ಹುಡುಗನ ಮೇಲಲ್ಲ, ಸೇತುವೆಯ ಮೇಲೆ ನನ್ನ ಆಕ್ಷೇಪಣೆ. ಹಾರಿದ ಮನುಷ್ಯ ಹಗ್ಗದ ತುದಿ ಮುಟ್ಟಿದ ಕ್ಷಣದಲ್ಲಿ ಅವನ ತೂಕದ ಹಲವು ಪಟ್ಟು ಎಳೆತ ಬೀಳುತ್ತದೆ. ಅಷ್ಟನ್ನು ಕಮಾನು ಲೆಕ್ಕಿಸಲಿಕ್ಕಿಲ್ಲ, ಆದರೆ ಕಟ್ಟುವುದು ಕೈಪಿಡಿ ಗೋಡೆಗೆ, ಅದರ ಗಾರೆ ಉದುರುತ್ತಿತ್ತು. ಕಬ್ಬಿಣದ ಕಟ್ಟೆ ಕೂರಿಸಬೇಕೆಂದರೆ ಪಾರಂಪರಿಕ ಕಟ್ಟಡವೆಂದು ಗುರುತಿಸಿದ ಸೇತುವೆಗೆ ರಂಧ್ರ ಕೊರೆಯಬೇಕು, ಅದು ನಮ್ಮಿಬ್ಬರ ಅಧಿಕಾರದಲ್ಲೂ ಇಲ್ಲ. ಇಷ್ಟನ್ನು ಹೇಳಿದೆ. ಪಾಟೀಲ ಸಾಹೇಬರು ಸಿಟ್ಟಾಗಿ ಕಿಟಕಿಯ ಕಡೆ ತಿರುಗಿ ಕೂತರು. ಆಮೇಲೆ ನಾನು ಬರೆದ ನಿರಾಕರಣೆಯನ್ನು ಎಳೆದುಕೊಂಡು, ನನ್ನ ಸಹಿಯ ಕೆಳಗೆ ತಮ್ಮದೂ ಹಾಕಿದರು.

"ಬೈಸಿಕೊಳ್ಳೂದಾದ್ರ ಇಬ್ರೂ ಕೂಡೇ ಬೈಸಿಕೊಳ್ಳೂಣು" ಎಂದರು. ಅವರ ಬಗ್ಗೆ ಬೇರೆ ಬೇರೆ ಮಾತು ಕೇಳಿರಬಹುದು. ನಾನು ಇದೊಂದನ್ನು ಹೇಳುತ್ತೇನೆ.

ಇರ್ಫಾನ್ ಮಾತ್ರ ಬಹಳ ನೊಂದುಕೊಂಡ. "ಕಲ್ತು ಬಾ ಅಂದ್ರಿ, ಕಲ್ತು ಬಂದೆ. ಈಗೂ ಇಲ್ಲ ಅಂತೀರಿ. ಹಂಗಂದ್ರ ಆಗ ನನ್ನ ಸುಮ್ಮ ಸಾಗಹಾಕಿದ್ರೇನ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದ. ಆ ಮಾತು ನನ್ನನ್ನು ಬಹಳ ದಿನ ಚುಚ್ಚಿತು. ಅವನು ಅದೇ ಸೇತುವೆಯ ಹತ್ತಿರದ ಬಂಡೆಗಳಲ್ಲಿ ಕಾಲೇಜಿನವರಿಗೆ ಹಗ್ಗ ಹಿಡಿದು ಹತ್ತಿ ಇಳಿಯುವುದನ್ನು ಕಲಿಸಲು ಶುರು ಮಾಡಿದ. ನನ್ನನ್ನು ಕಂಡರೆ ನಮಸ್ಕಾರ ಮಾಡುತ್ತಿದ್ದ, ಮಾತಾಡುತ್ತಿರಲಿಲ್ಲ.

ಮರುವರ್ಷ ಮಳೆಗಾಲ ಮುಗಿದ ಮೇಲೆ ನಾನು ಸೇತುವೆಯ ವಾರ್ಷಿಕ ತಪಾಸಣೆಗೆ ಹೋಗಿದ್ದೆ. ಅದೊಂದು ಭಾನುವಾರ, ಬೆಳಗಿನ ಹೊತ್ತು. ಕೆಲಸದವರ ಲಾರಿ ಹಿಂದೆ, ನಮ್ಮ ಜೀಪು ಮುಂದೆ. ದೂರದಿಂದಲೇ ಚೀರಾಟ ಕೇಳಿಸಿತು. ಹೋಗಿ ನೋಡಿದರೆ ಹೊರಊರಿನ ಕೆಲವರು ಯಾರ ಅಪ್ಪಣೆಯೂ ಇಲ್ಲದೆ ಕೈಪಿಡಿ ಗೋಡೆಗೆ ಹಗ್ಗ, ರಾಟೆ ಬಿಗಿದು ಹಾರಿಸಲು ಬಂದಿದ್ದರು. ಮೊದಲು ಹಾರಿದ್ದು ಸ್ವಾತಿ ಎಂಬ ಹುಡುಗಿ, ಧಾರವಾಡದ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಹಗ್ಗ ಹರಿದಿರಲಿಲ್ಲ. ಆದರೆ ಎಳೆತಕ್ಕೆ ಗೋಡೆಯ ಮೇಲುಗಲ್ಲು ಕಿತ್ತು ಹೊರಕ್ಕೆ ವಾಲಿತ್ತು, ಅದರ ಸಂಗಡ ರಾಟೆಯೂ. ಮೇಲೆಳೆಯಲು ಹೋದರೆ ಕಲ್ಲು ಇನ್ನಷ್ಟು ಜಾರುತ್ತಿತ್ತು. ಕೆಳಗೆ ಅವಳು ತಲೆಕೆಳಗಾಗಿ ನೇತಾಡುತ್ತಿದ್ದಳು. ಕಲ್ಲು ಬಿದ್ದರೆ ಅವಳ ಮೇಲೆಯೇ. ಹಾರಿಸಿದವರಲ್ಲಿ ಒಬ್ಬ ಆಗಲೇ ಬೈಕು ಹತ್ತಿ ಓಡಿಹೋಗಿದ್ದ.

ನಾನು ಇರ್ಫಾನನಿಗೆ ಫೋನ್ ಮಾಡಿದೆ. ಎತ್ತುತ್ತಾನೋ ಇಲ್ಲವೋ ಎಂಬ ಅನುಮಾನವಿತ್ತು. ಎತ್ತಿದ. ಸಂಗತಿ ಹೇಳಿದೆ. "ಯಾರಿಗೂ ಆ ಹಗ್ಗಾ ಮುಟ್ಟಬ್ಯಾಡಂತ ಹೇಳ್ರಿ. ಬಂದೆ" ಎಂದ.

ಅವನು ಬರುವಷ್ಟರಲ್ಲಿ ವಾಲಿದ ಕಲ್ಲಿಗೆ ಸರಪಳಿ ಸುತ್ತಿ ಲಾರಿಗೆ ಬಿಗಿಸಿದೆ. ಲಾರಿಯನ್ನು ಸೇತುವೆಯ ತುದಿಯಲ್ಲಿ, ಗಟ್ಟಿ ನೆಲದ ಮೇಲೆಯೇ ನಿಲ್ಲಿಸಿದ್ದೆವು. ಇರ್ಫಾನ್ ತನ್ನ ಹಗ್ಗಗಳನ್ನು ಹೆಗಲಿಗೇರಿಸಿಕೊಂಡು ಬಂದವನೇ ಕೇಳಿದ, "ಎಲ್ಲಿ ಕಟ್ಲಿ ಮೇಡಂ?"

ಸೇತುವೆಯ ಎರಡೂ ಬದಿಗೆ ಗೋಡೆಯ ಬುಡದಲ್ಲಿ ಮಳೆನೀರು ಹೋಗುವ ತೂತುಗಳಿದ್ದವು. ಒಂದರಲ್ಲಿ ಹೊರಬಿಟ್ಟ ಹಗ್ಗವನ್ನು ಕಮಾನಿನ ಕೆಳಗಿಂದ ಹಾಯಿಸಿ, ಇನ್ನೊಂದರಲ್ಲಿ ಮೇಲೆಳೆದು, ಇಡೀ ಸೇತುವೆಯ ಮೈಗೇ ಸುತ್ತು ಹಾಕಿಸಿದೆ. ಹಾಗೆ ಕಟ್ಟಿದರೆ ಭಾರ ಕಲ್ಲನ್ನು ಕೀಳುವುದಿಲ್ಲ, ಒಂದನ್ನೊಂದು ಅಮುಕುತ್ತದೆ. ಇರ್ಫಾನ್ ಗಂಟನ್ನು ಎರಡು ಸಲ ಜಗ್ಗಿ ನೋಡಿ ಇಳಿದ.

ಮೇಲಿಂದ ನಮಗೆ ಅವನ ಮಾತು ಕೇಳಿಸುತ್ತಿತ್ತು. "ತಂಗೀ, ನನ್ನ ಕಡೆ ನೋಡವಾ. ಕೆಳಗ ನೋಡಬ್ಯಾಡ. ನಿನ್ನ ಹೆಸರೇನು? ಎಲ್ಲಿ ಕೆಲಸಾ? ಬ್ಯಾಂಕಿನ್ಯಾಗೇನು? ನನಗೊಂದು ಸಾಲಾ ಕೊಡಸ್ತೀ ಇಲ್ಲೋ?" ಅವಳು ಅಳುತ್ತಲೇ ಏನೋ ಉತ್ತರ ಕೊಡುತ್ತಿದ್ದಳು. ಅವಳ ಸೊಂಟಕ್ಕೆ ಪಟ್ಟಿ ಬಿಗಿದು, ಮೈಯನ್ನು ನೆಟ್ಟಗೆ ತಿರುಗಿಸಿ, ತನ್ನ ಹಗ್ಗಕ್ಕೆ ಸೇರಿಸಿದ. "ಜಗ್ರಿ!" ಎಂದು ಕೂಗಿದ. ಕೆಲಸದವರು, ಫೋಟೋ ತೆಗೆಸಲು ಬಂದವರು, ಜೀಪಿನ ಡ್ರೈವರು, ನಾನು, ಎಲ್ಲರೂ ಹಗ್ಗ ಹಿಡಿದು ಎತ್ತಿದೆವು. ಕಾಲಿನ ಹಗ್ಗ ಸಡಿಲಾಯಿತು, ಕೊಂಡಿ ಬಿಚ್ಚಿದ. ಆಮೇಲೆ ಇಬ್ಬರನ್ನೂ ಮೆಲ್ಲಗೆ, ನಾವು ಕೂಗಿ ಕರೆಸಿದ್ದ ಮೀನುಗಾರರು ಹೊಳೆಯ ಮಧ್ಯೆ ತಂದು ನಿಲ್ಲಿಸಿದ್ದ ತೆಪ್ಪಕ್ಕೆ ಇಳಿಸಿದೆವು. ಹಗ್ಗ ಬಿಟ್ಟ ಮೇಲೆ ನೋಡಿಕೊಂಡರೆ ನನ್ನ ಅಂಗೈ ಸುಲಿದಿತ್ತು.

ದಡದಲ್ಲಿ ಸ್ವಾತಿಗೆ ನೀರು ಕುಡಿಸಿದೆವು. ಕಾಲು ಬಾತಿದ್ದವು, ಬೇರೇನೂ ಆಗಿರಲಿಲ್ಲ. ಆಸ್ಪತ್ರೆಯ ಗಾಡಿ ಬರುವವರೆಗೆ ನನ್ನ ಕೈ ಹಿಡಿದು ಕೂತಿದ್ದವಳು ಮೆಲ್ಲಗೆ ಹೇಳಿದಳು:

"ತುದಿಗೆ ನಿಂತ ಮ್ಯಾಲೆ ನಾ ಒಲ್ಲೆ ಅಂದೇನ್ರಿ ಆಂಟಿ. ಅವ್ರು ನಕ್ಕೋತ ಎಣಸಿ, ಹಿಂದಿಂದ ನೂಕಿಬಿಟ್ರು."

ಪಕ್ಕದಲ್ಲಿ ಹಗ್ಗ ಸುತ್ತುತ್ತಿದ್ದ ಇರ್ಫಾನ್ ಕೈ ನಿಲ್ಲಿಸಿದ. 

ಕೇಸು ಕೋರ್ಟಿಗೆ ಹೋಯಿತು. ನಾನು ಸಾಕ್ಷಿ. ಹಾರಿಸಿದವರ ಕಡೆಯ ವಕೀಲರು ಚತುರರು. "ಬಂಜೀ ಜಂಪಿಂಗ್ ಮಾಡಬಾರದು ಅಂತ ಯಾವ ಕಾಯ್ದೇದಾಗ ಐತಿ, ತೋರಸ್ರಿ ಮೇಡಂ" ಎಂದರು.

"ಹೆಸರು ಹಿಡದು ಬ್ಯಾಡ ಅಂದ ಕಾಯ್ದೆ ನನಗ ಗೊತ್ತಿಲ್ರಿ" ಎಂದೆ. ಕೋರ್ಟಿನಲ್ಲಿ ಗುಸುಗುಸು ಎದ್ದಿತು. ವಕೀಲರು ಗೆದ್ದವರಂತೆ ಕೂರಲು ಹೋದರು. ನಾನು ಮುಂದುವರಿಸಿದೆ. "ಆದ್ರ ಆ ಸೇತುವಿ ಅವರದಲ್ಲ. ಅದನ್ನ ಬ್ಯಾರೆ ಕೆಲಸಕ್ಕ ಬಳಸಾಕ ಅದರ ಹೊಣಿ ಹೊತ್ತವರ ಒಪ್ಪಗಿ ಬೇಕು. ಜಿಲ್ಲಾಡಳಿತದ್ದು ಬೇಕು, ಪೊಲೀಸರದು ಬೇಕು. ಕಟ್ಟಿದ ಜಾಗಾ ತಡೀತೈತಿ ಅಂತ ಬಲ್ಲವರು ಬರದು ಕೊಡಬೇಕು. ಇವ್ರು ಒಂದನ್ನೂ ಕೇಳಲಿಲ್ಲ. ಆ ಹುಡುಗೀನ್ನೂ ಕೇಳಲಿಲ್ಲ."

ಜೀವಕ್ಕೆ ಅಪಾಯ ತಂದದ್ದು, ಸಾರ್ವಜನಿಕ ಆಸ್ತಿಗೆ ಹಾನಿ ಮಾಡಿದ್ದು ಸಾಬೀತಾಗಿ ಹಾರಿಸಿದವರಿಗೆ ಶಿಕ್ಷೆಯಾಯಿತು. ಹೊಸಬರು ಇದನ್ನು ನೆನಪಿಡಬೇಕು. ನಮ್ಮಲ್ಲಿ ಎಷ್ಟೋ ಸಂಗತಿಗಳಿಗೆ ನೇರ ನಿಷೇಧ ಇರುವುದಿಲ್ಲ. ನಿಷೇಧ ಇಲ್ಲ ಎಂದರೆ ಅನುಮತಿ ಇದೆ ಎಂದಲ್ಲ.

ಕೋರ್ಟಿನಿಂದ ಹೊರಬಂದಾಗ ಇರ್ಫಾನ್ ಚಹಾದಂಗಡಿಯ ಮುಂದೆ ನಿಂತಿದ್ದ. ನನಗೂ ಒಂದು ಚಹಾ ಹೇಳಿದ. ಬಹಳ ದಿನಗಳ ಮೇಲೆ ಅವನೇ ಮಾತು ತೆಗೆದ.

"ಧಾರವಾಡದ ಹೊರಗ ಒಂದು ಕಲ್ಲಿನ ಕ್ವಾರಿ ಐತ್ರಿ. ಕೆಲಸಾ ಬಿಟ್ಟು ಭಾಳ ವರ್ಷಾತು. ಆಳ ಐತಿ, ಕೆಳಗ ನೀರ ನಿಂತೈತಿ, ಮಾಲಕ ಕೊಡತೇನಿ ಅಂತಾನ. ಬಂಡೀಗೆ ಬೋಲ್ಟ್ ಹಾಕಿ ಕಬ್ಬಿಣದ ಕಟ್ಟಿ ಹೊರಗ ಚಾಚಬಹುದು. ಆದ್ರ ಹೆಸರಾದ ಜಾಗಾ ಅಲ್ಲ. ಯಾರ ಬರತಾರ್ರಿ ಅಲ್ಲಿಗೆ?"

"ಛಲೋ ನಡಸು. ಹೆಸರು ಹಿಂದಿಂದ ಬರತೈತಿ" ಎಂದೆ.

ಅದು ಸುಲಭವಾಗಲಿಲ್ಲ. ಸಮಿತಿ, ತಪಾಸಣೆ, ವಿಮೆ, ಮತ್ತೆ ತಪಾಸಣೆ. ಅಗ್ನಿಶಾಮಕದವರು ಒಂದು ಕೇಳಿದರೆ ವೈದ್ಯರು ಇನ್ನೊಂದು ಕೇಳಿದರು. ನನ್ನ ಪಾಲಿನ ಪರೀಕ್ಷೆಯನ್ನು ನಾನೂ ಸಡಿಲ ಮಾಡಲಿಲ್ಲ. ಬಂಡೆಯಲ್ಲಿ ಕೂರಿಸಿದ ಒಂದೊಂದು ಬೋಲ್ಟನ್ನೂ ಎಳೆದು ನೋಡಿಸಿದೆ, ಎರಡನ್ನು ಕೀಳಿಸಿ ಬೇರೆ ಹಾಕಿಸಿದೆ. ಇರ್ಫಾನ್ ಈ ಸಲ ಗೊಣಗಲಿಲ್ಲ. ನಾನು ನಿವೃತ್ತಳಾಗುವ ವಾರದಲ್ಲಿ ನನ್ನ ಆಕ್ಷೇಪಣೆ ಇಲ್ಲವೆಂದು ಸಹಿ ಮಾಡಿದೆ.

ಶುರುವಾದ ದಿನ ನಾನೂ ಹೋದೆ. ಇಷ್ಟೆಲ್ಲ ಬೇಡ ಬೇಡ ಎಂದವಳು ಒಮ್ಮೆಯಾದರೂ ಹಾರಬೇಕು ಎಂದು ಮನಸ್ಸು ಮಾಡಿಕೊಂಡೇ ಹೋಗಿದ್ದೆ. ವೈದ್ಯರು ಪರೀಕ್ಷಿಸಿ ಆಗಬಹುದು ಎಂದರು. ತೂಕ ನೋಡಿದರು, ಇನ್ನೊಬ್ಬರು ಬಂದು ಮತ್ತೊಮ್ಮೆ ನೋಡಿದರು. ಸೀರೆ ಬಿಟ್ಟು ಚೂಡಿದಾರ ಹಾಕಿಕೊಂಡು ಬಂದಿದ್ದೆ. ಮೈಗೆಲ್ಲ ಪಟ್ಟಿ ಬಿಗಿಸಿಕೊಂಡು ಆ ಕಬ್ಬಿಣದ ಕಟ್ಟೆಯ ತುದಿಗೆ ನಡೆದೆ.

ಆ ಕಟ್ಟೆ ಎಷ್ಟು ಭಾರ ತಡೆಯುತ್ತದೆ ಎಂಬುದು ನನ್ನಷ್ಟು ಗೊತ್ತಿದ್ದವರು ಅಲ್ಲಿ ಯಾರೂ ಇರಲಿಲ್ಲ. ಆದರೂ ಕೆಳಗಿನ ಹಸಿರು ನೀರು ಕಂಡ ಕೂಡಲೇ ಪಕ್ಕದ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡೆ. ಮನಸ್ಸಿಗೆ ಧೈರ್ಯ ಹೇಳಿದೆ, ಲೆಕ್ಕ ಹೇಳಿದೆ. ಕೇಳಲಿಲ್ಲ. ಕೆಳಗೆ ನಿಂತವರು "ಹಾರ್ರಿ ಮೇಡಂ, ಹಾರ್ರಿ!" ಎಂದು ಕೂಗಲು ಶುರು ಮಾಡಿದರು.

"ಇರ್ಫಾನ್, ಇವತ್ತ ನನ್ನ ಕೈಲೆ ಆಗಂಗಿಲ್ಲಪಾ" ಎಂದೆ.

"ಆತ್ರಿ" ಎಂದ, ಅಷ್ಟೇ. ಕೆಳಗಿನವರ ಕಡೆ ಕೈ ಎತ್ತಿದ, ಕೂಗು ನಿಂತಿತು. ನನ್ನ ಸೊಂಟದ ಪಟ್ಟಿ ಹಿಡಿದು ಹಿಂದಕ್ಕೆ ಕರೆತಂದು, ಒಂದೊಂದೇ ಕೊಂಡಿ ಬಿಚ್ಚಿದ. ಒತ್ತಾಯವಿಲ್ಲ, ನಗೆಯಿಲ್ಲ, ಇನ್ನೊಮ್ಮೆ ನೋಡ್ರಿ ಎನ್ನಲೂ ಇಲ್ಲ.

ನನ್ನ ಹಿಂದಿನ ಸರದಿಯಲ್ಲಿ ಒಬ್ಬಳು ಕಾಲೇಜು ಹುಡುಗಿ ನಿಂತಿದ್ದಳು. ಮುಖ ಬಿಳಿಚಿತ್ತು. ನಾನು ಹಾದುಹೋಗುವಾಗ ಮೆಲ್ಲಗೆ ಕೇಳಿದಳು, "ಆಂಟಿ, ತುದಿತನಕಾ ಹೋಗಿ ವಾಪಸ್ ಬರಬಹುದೇನ್ರಿ?"

"ಬರಬಹುದವಾ. ನಾ ಈಗ ಬಂದೆ ನೋಡು."

 ಅವಳು ಸೊಂಟದ ಪಟ್ಟಿಯನ್ನೊಮ್ಮೆ ಮುಟ್ಟಿ ನೋಡಿಕೊಂಡು ಮುಂದೆ ನಡೆದಳು. ನಾನು ಬೆಂಚಿನ ಮೇಲೆ ಕೂತು ಕಾಲಿನ ಪಟ್ಟಿ ಸಡಿಲಿಸುತ್ತಿದ್ದಾಗ ಕ್ವಾರಿಯ ಒಳಗಿನಿಂದ ಅವಳ ಚೀರಾಟ ಮೇಲೆದ್ದು ಬಂತು. ಅರ್ಧಕ್ಕೆ ಅದು ನಗೆಯಾಯಿತು.